ಮೊದಲನೇ ಸಾಲು

ಕಾಲೇಜಿನ ಅರ್ಜಿಯಲ್ಲಿ ಆ ಪುಟ ಬರೆದವನು ಯಾರೋ ಗೊತ್ತಿಲ್ಲ. ಕೈಗೆ ಸಿಕ್ಕಿದ್ದರೆ ಬೀಗದವನು ಅವನನ್ನು ತನ್ನ ಅಂಗಡಿಯೊಳಗೆ ಕೂಡಿಹಾಕಿ ಕೀಲಿಯನ್ನು ಮೋರಿಗೆ ಎಸೆಯುತ್ತಿದ್ದ.

"ತರಗತಿಯ ಹೊರಗೆ ನೀವು ಮಾಡುವ ಚಟುವಟಿಕೆಗಳನ್ನು, ಹೆಚ್ಚು ಮುಖ್ಯವಾದದ್ದು ಮೊದಲು ಬರುವಂತೆ ಬರೆಯಿರಿ. ಪ್ರತಿಯೊಂದಕ್ಕೂ ಕಣ್ಣಾರೆ ಕಂಡವರ ಸಹಿ ಬೇಕು. ಮೊದಲನೇ ಸಾಲಿನವರನ್ನು ಅರ್ಜಿ ತಲುಪಿದ ಸಂಜೆಯೇ ಫೋನಿನಲ್ಲಿ ವಿಚಾರಿಸಲಾಗುವುದು."

ಮಗಳ ಅಂಕ ಬೇಲಿಯ ಮೇಲೆ ಕೂತಿತ್ತು. ಈ ಕಡೆ ಬಿದ್ದರೆ ಸೀಟು, ಆ ಕಡೆ ಬಿದ್ದರೆ ಅಪ್ಪನ ಅಂಗಡಿ. ಅರ್ಜಿಗೆ ಅಂದೇ ಕೊನೆಯ ದಿನ.

ಅವಳು ಮಾಡುತ್ತಿದ್ದದ್ದು ಮೂರು. ನಿವೃತ್ತ ಹೆಡ್‌ಮಾಸ್ತರರ ಚರ್ಚಾಕೂಟ, ಕಟಿಂಗ್ ಶಾಪಿನವನ ಹತ್ತಿರ ಚೆಸ್, ಮಹಡಿ ಮೇಲಿನ ಸಂಗೀತದ ಟೀಚರ ಹತ್ತಿರ ಹಾಡು.

"ಯಾವುದಮ್ಮ ಮುಖ್ಯ?" ಅಂದ ಬೀಗದವನು.

"ಯಾವುದಾದರೇನಪ್ಪ. ಅಜ್ಜಿ ಮಲಗಿದ್ರೆ ಹೋಗ್ತೀನಿ, ಎದ್ದಿದ್ರೆ ಇಲ್ಲ" ಅಂದಳು ಮಗಳು. ಅವಳು ಅಜ್ಜಿಯ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು.

ಬೀಗದವನ ಹೆಂಡತಿ ತೀರಿಕೊಂಡ ವರ್ಷವೇ ಅವನ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅಂದಿನಿಂದ ಎತ್ತುವುದು, ಕೂರಿಸುವುದು, ಸ್ನಾನ, ಮಾತ್ರೆ, ಎಲ್ಲವೂ ಮೊಮ್ಮಗಳದೇ. ಆದರೂ ಮುದುಕಿಯ ಜಂಬ ಮಾತ್ರ ಮುರಿದಿರಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಊರುಗೋಲು ಮಂಚದ ಕೆಳಗೆ ಹೋಗುತ್ತಿತ್ತು. "ನಂಗೇನಾಗಿದೆ? ಗುಂಡುಕಲ್ಲಿದ್ದಂಗಿದ್ದೀನಿ" ಎಂದು ಡಾಕ್ಟರಿಗೇ ಹೇಳಿ ಕಳಿಸಿದ ಹೆಂಗಸು ಅವಳು.

ಮುದುಕಿಯನ್ನು ಬಿಟ್ಟು ಮಗಳು ಹೊರಡುವಂತಿರಲಿಲ್ಲ. ಬೀಗದವನೇ ಕಾಗದ ಹಿಡಿದು ಹೊರಟ. ಕೈಗೆ ಬಂದಂತೆ ಚೆಸ್, ಚರ್ಚೆ, ಹಾಡು ಎಂದು ಬರೆದಿದ್ದ.

ಹೆಡ್‌ಮಾಸ್ತರರು ಕನ್ನಡಕ ಏರಿಸಿ ಓದಿದರು. ತಪ್ಪು ಲೆಕ್ಕ ಕಂಡವರಂತೆ ಮೂಗು ಅರಳಿತು.

"ಏನಯ್ಯಾ ಇದು? ಇಸ್ಪೀಟಿನ ದಾಯಾದಿ ಮೊದಲು, ನಾನು ಆಮೇಲೆ?"

"ಹಂಗಲ್ಲ ಮೇಷ್ಟ್ರೇ, ಸುಮ್ಮನೆ ಬರೆದೆ..."

"ಸುಮ್ಮನೆ ಬರೆಯೋದಕ್ಕೆ ಇದೇನು ಗೋಡೆಯೇ? ಮೂವತ್ತು ವರ್ಷ ಮೊದಲನೇ ಸಾಲಲ್ಲಿ ಸಹಿ ಹಾಕಿದ ಕೈ ಇದು. ತಿದ್ದಿ ತಗೊಂಡು ಬಾ."

ತಿದ್ದಿ ಬರೆದು ಕಟಿಂಗ್ ಶಾಪಿಗೆ ಹೋದ. ಅಲ್ಲಿ ಅರ್ಧ ಮುಖಕ್ಕೆ ನೊರೆ ಬಳಿದುಕೊಂಡು ಒಬ್ಬ ಗಿರಾಕಿ ಕೂತಿದ್ದ. ಕಟಿಂಗ್‌ನವನು ಕತ್ತಿ ಹಿಡಿದೇ ಓದಿದ.

"ಅಲ್ಲಣ್ಣ, ಮಾತಾಡೋದೂ ಒಂದು ವಿದ್ಯೆಯಾ? ನನ್ನ ಅಂಗಡಿಗೆ ಬರೋರೆಲ್ಲ ಮಾತಾಡ್ತಾರೆ. ಯಾರಿಗೆ ಸೀಟು ಸಿಕ್ಕಿದೆ ಹೇಳು?"

"ಅದೂ ನಿಜವೇ" ಅಂದ ಗಿರಾಕಿ, ನೊರೆಯೊಳಗಿಂದ.

"ಆನೆ, ಕುದುರೆ, ಒಂಟೆ ನಡೆಸೋಕೆ ತಲೆ ಬೇಕು. ತಲೆ ವಿಷಯ ನನಗಿಂತ ಯಾರಿಗೆ ಗೊತ್ತು? ಚೆಸ್ ಮೊದಲು ಬರಲಿ, ಆಮೇಲೆ ನನ್ನ ಸಹಿ."

ಸಂಗೀತದ ಟೀಚರು ಜಗಳವಾಡಲಿಲ್ಲ. ಅದೇ ಕಷ್ಟವಾದದ್ದು. ಕಾಗದವನ್ನು ಬಹಳ ಹೊತ್ತು ನೋಡಿದರು.

"ಮೂರನೇದು. ಇರಲಿ ಬಿಡಿ. ನಮ್ಮ ತಾಯಿಗೂ ನಾನು ಮೂರನೆಯವಳೇ. ಹೊಸ ಬಟ್ಟೆ ಯಾವತ್ತೂ ಕಂಡವಳಲ್ಲ."

ಅಷ್ಟು ಹೇಳಿ ಸಹಿ ಹಾಕದೆಯೇ ಮೆಲ್ಲಗೆ ಬಾಗಿಲು ಹಾಕಿಕೊಂಡರು. ಒಳಗಿನಿಂದ ಶೋಕದ ರಾಗವೊಂದು ಕೇಳಿಸತೊಡಗಿತು.

ಬೀಗದವನು ಅಂಗಡಿಗೆ ಬಂದು ತಲೆ ಮೇಲೆ ಕೈಹೊತ್ತು ಕೂತ. ಎದುರಿಗೆ ಮೊಳೆಗಳಲ್ಲಿ ಕೀಲಿಗಳು ನೇತಾಡುತ್ತಿದ್ದವು. ಹುಟ್ಟಿದಾಗಿನಿಂದ ಅವನಿಗೆ ಗೊತ್ತಿದ್ದದ್ದು ಒಂದೇ ನ್ಯಾಯ, ಬೀಗ ಬೇರೆಯಾದರೆ ಕೀಲಿಯೂ ಬೇರೆ. ಮೂರು ಬೀಗಕ್ಕೆ ಒಂದೇ ಕೀಲಿ ತುರುಕಲು ಹೋದದ್ದೇ ತನ್ನ ತಪ್ಪು ಅನ್ನಿಸಿತು. ಮೂರು ಕಾಗದ ತೆಗೆದು ಮೂರು ಪಟ್ಟಿ ಬರೆದ. ಒಂದರಲ್ಲಿ ಚರ್ಚೆ ಮೊದಲು, ಒಂದರಲ್ಲಿ ಚೆಸ್, ಒಂದರಲ್ಲಿ ಹಾಡು. ಬೀಗಗಳೆಲ್ಲ ಕಟ್ ಕಟ್ ಎಂದು ತೆರೆದುಕೊಂಡವು. ಟೀಚರಂತೂ ಕಣ್ಣೊರೆಸಿಕೊಂಡು ಸಹಿ ಹಾಕಿದರು. ಮುಂದೆ ಮೂರರಲ್ಲಿ ಒಂದನ್ನೇ ಕೊಡಬೇಕಾಗುತ್ತದೆ ಎಂಬುದು ಮಾತ್ರ ಆ ಮಹಾನುಭಾವನ ತಲೆಗೆ ಹೊಳೆಯಲಿಲ್ಲ.

ಅರ್ಜಿ ತುಂಬಿ ಕಳಿಸುವ ಕಂಪ್ಯೂಟರ್ ಅಂಗಡಿಯ ಹೆಂಗಸು ಮೂರೂ ಕಾಗದವನ್ನು ಮೇಜಿನ ಮೇಲೆ ಹರಡಿದಳು.

"ಮೂರರಲ್ಲೂ ಮೊದಲನೇದು ಬೇರೆ ಬೇರೆ ಇದೆಯಲ್ಲ. ಯಾವುದು ಹಾಕಲಿ?" ಎಂದು ಗಟ್ಟಿಯಾಗಿ ಕೇಳಿದಳು.

ಗಟ್ಟಿಯಾಗಿ ಕೇಳುವ ಅಗತ್ಯವಿರಲಿಲ್ಲ. ತಮ್ಮ ಸಾಲಿನಲ್ಲಿ ಕಾಗುಣಿತ ತಪ್ಪದಿರಲಿ ಎಂದು ಹೆಡ್‌ಮಾಸ್ತರರು ಆಗಲೇ ಬಂದು ಬೆನ್ನ ಹಿಂದೆ ನಿಂತಿದ್ದರು. ಗಿರಾಕಿಯಿಲ್ಲದ ಕಟಿಂಗ್‌ನವನು ಬಾಗಿಲಲ್ಲಿದ್ದ. ಹಾಡಿನ ಪುಸ್ತಕ ಜೆರಾಕ್ಸ್ ಮಾಡಿಸಲು ಬಂದ ಟೀಚರು ಮೂಲೆಯಲ್ಲಿದ್ದರು. ಇಲಿ ಹಿಡಿಯಲು ತಾನೇ ಇಟ್ಟ ಬೋನಿನಲ್ಲಿ ಬೀಗದವನ ಬಾಲ ಸಿಕ್ಕಿಕೊಂಡಿತು.

"ಎಲಾ ಮೋಸಗಾರ" ಅಂದರು ಹೆಡ್‌ಮಾಸ್ತರರು.

"ನನ್ನನ್ನ ಎರಡನೇ ಸಾಲಿಗೆ ಹಾಕಿದ್ರೆ, ಆ ಹುಡುಗಿ ಯಾರು ಅಂತಾನೇ ಗೊತ್ತಿಲ್ಲ ಅಂತೀನಿ" ಅಂದ ಕಟಿಂಗ್‌ನವನು.

"ನನ್ನ ಹೆಸರು ತೆಗೆದುಬಿಡಿ, ಯಾರಿಗೂ ತೊಂದರೆ ಬೇಡ" ಅಂದರು ಟೀಚರು. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಹೊರಗೆ ಹೊತ್ತು ಇಳಿಯುತ್ತಿತ್ತು. ಅಂಗಡಿಯ ಹೆಂಗಸಿಗೆ ರೇಗಿತು.

"ರೀ, ನಿಮ್ಮ ಪಂಚಾಯ್ತಿ ರಸ್ತೇಲಿ ಮಾಡ್ಕೊಳ್ಳಿ. ಯಜಮಾನರೇ, ಹುಡುಗಿ ದಿನಾ ಏನು ಮಾಡ್ತಾಳೆ, ಅದು ಹೇಳಿ ಮೊದಲು."

"ದಿನಾನಾ?" ಅಂದ ಬೀಗದವನು. "ದಿನಾ ನಮ್ಮಮ್ಮನ್ನ ಎತ್ತಿ ಕೂರಿಸ್ತಾಳೆ. ತೊಳೀತಾಳೆ. ತಿನ್ನಿಸ್ತಾಳೆ. ರಾತ್ರಿ ಕರೆದ್ರೆ ಏಳ್ತಾಳೆ. ಅವಳಮ್ಮ ಹೋದಾಗಿಂದ ಪೂರ್ತಿ ನಿದ್ದೆ ಮಾಡಿದ್ದು ನಾನು ನೋಡಿಲ್ಲ."

"ಅದನ್ನೇ ಹಾಕ್ತೀನಿ ಮೊದಲು" ಅಂದಳು ಹೆಂಗಸು. "ಅಜ್ಜಿ ಸಹಿ ತಗೊಂಡು ಬನ್ನಿ."

ಸೊಂಟ ಮುರಿದ ಮುದುಕಿಯ ಜೊತೆ ಜಾಗಕ್ಕೆ ಜಗಳಾಡುವಷ್ಟು ನಾಚಿಕೆಗೇಡಿಗಳಲ್ಲ ಆ ಮೂವರು. ಮಿಕ್ಕ ಸಾಲುಗಳಿಗೆ ಚೀಟಿ ಎತ್ತಿದರು. ಟೀಚರಿಗೆ ಅಲ್ಲೂ ಕೊನೆಯದೇ ಬಂತು.

ಬೀಗದವನು ಮನೆಗೆ ಓಡಿದ. ಮುದುಕಿ ಕಾಗದವನ್ನು ದೂರ ಹಿಡಿದು ನೋಡಿದಳು. ಕನ್ನಡಕ ಹಾಕಿಕೊಳ್ಳುವುದು ಅವಳ ಮರ್ಯಾದೆಗೆ ಕಮ್ಮಿ.

"ಎಲ್ಲಿ ಹಾಕಬೇಕೋ?"

"ಇಲ್ಲಮ್ಮ, ಮೊದಲನೇ ಸಾಲು."

"ಮೊದಲನೇದಾ?" ಅಂದವಳೇ ಠೀವಿಯಿಂದ ಸಹಿ ಎಳೆದಳು. ಯಾತಕ್ಕೆ ಎಂದು ಕೇಳಲಿಲ್ಲ. ಮಗನೂ ಹೇಳಲಿಲ್ಲ, ಅವಸರದಲ್ಲಿದ್ದ.

"ಕಾಲೇಜಿಂದ ಫೋನ್ ಬರುತ್ತಮ್ಮ. ಇವಳ ಬಗ್ಗೆ ಒಳ್ಳೇದು ಹೇಳಬೇಕು, ತಿಳೀತಾ?"

"ನಂಗೆ ಹೇಳಿಕೊಡ್ತೀಯೇನೋ? ಹೋಗು."

ಅರ್ಜಿ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಬೀಗದವನು ಮನೆಗೆ ಬಂದ. ಹೆಡ್‌ಮಾಸ್ತರರೂ ಕಟಿಂಗ್‌ನವನೂ ಕಿಟಕಿಯ ಹೊರಗೆ, ಗಾಳಿಗೆ ಬಂದವರಂತೆ ನಿಂತಿದ್ದರು. ಮಹಡಿಯ ಮೇಲೆ ಹಾಡು ನಿಂತಿತ್ತು. ಮಗಳು ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು.

ಫೋನ್ ಬಂತು. ಮುದುಕಿ ಊರುಗೋಲನ್ನು ಮಂಚದ ಕೆಳಗೆ ತಳ್ಳಿದಳು. ಫೋನಿನಲ್ಲಿ ಊರುಗೋಲು ಕಾಣುವುದಿಲ್ಲ ಎಂದು ಅವಳಿಗೆ ಯಾರು ಹೇಳಬೇಕು?

"ಹೌದು, ಅಜ್ಜೀನೇ ಮಾತಾಡೋದು. ಏನಂದ್ರಿ? ನನ್ನನ್ನ ಅವಳು ನೋಡ್ಕೋತಾಳಾ? ಯಾರು ಹೇಳಿದ್ದು?"

ಬೀಗದವನು ಫೋನ್ ಕಿತ್ತುಕೊಳ್ಳಲು ಹೋದ. ಮುದುಕಿ ಅವನ ಕೈ ಮೇಲೆ ಪಟ್ಟನೆ ಹೊಡೆದಳು.

"ಚಿನ್ನದಂಥ ಹುಡುಗಿ ಸ್ವಾಮಿ. ಅವಳ ಕೈಲಿ ನಾನು ಕೆಲಸ ಮಾಡಿಸ್ತೀನಾ? ತಾಯಿಲ್ಲದ ಮಗು ಅಂತ ಒಂದು ಕಡ್ಡಿ ಎತ್ತಿ ಆಚೆಗಿಡೋಕೆ ಬಿಟ್ಟಿಲ್ಲ. ಓದು, ಬರಹ, ಅಷ್ಟೇ. ನಂಗೇನಾಗಿದೆ? ನನ್ನ ಕೆಲಸ ನಾನೇ ಮಾಡ್ಕೋತೀನಿ. ಅವಳಿಗೂ ನಾನೇ ಬಡಿಸೋದು... ಹೂಂ. ಬರಕೊಳ್ಳಿ. ನಾನು ಹೇಳಿದ್ದು ಅಂತಾನೇ ಬರಕೊಳ್ಳಿ."

ಆ ಕಡೆಯವರು ಬರೆದುಕೊಂಡರು. ಫೋನ್ ಇಟ್ಟರು.

ಕಿಟಕಿಯ ಹೊರಗೆ ಹೆಡ್‌ಮಾಸ್ತರರು ಕೆಮ್ಮಿದರು. "ಚರ್ಚೆ ಮೊದಲು ಹಾಕು ಅಂದೆ" ಎಂದು ಹೇಳಿ ನಡೆದರು. ಕಟಿಂಗ್‌ನವನೂ ಹೊರಟ. ಬೀಗದವನು ನಿಂತಲ್ಲೇ ತುಕ್ಕು ಹಿಡಿದವನಂತೆ ನಿಂತಿದ್ದ.

"ಹೆಂಗೆ ಹೇಳಿದೆ?" ಅಂದಳು ಮುದುಕಿ. ಅವಳ ಕಣ್ಣಲ್ಲಿ ನೀರಿತ್ತು. "ಮೊಮ್ಮಗಳಿಗೆ ಸೀಟು ಸಿಗದೆ ಎಲ್ಲಿ ಹೋಗುತ್ತೆ?"

ಮುದುಕಿ ಹಿತ್ತಲ ಕಡೆ ತಿರುಗಿ ಕೂಗಿದಳು.

"ಲೇ, ಎಲ್ಲಿದ್ದೀಯೇ? ಬೇಗ ಬಂದು ಎತ್ತೇ ನನ್ನ. ಬಚ್ಚಲಿಗೆ ಹೋಗಬೇಕು. ನಿನ್ನ ಫೋನಿಗೋಸ್ಕರ ಆಗಿನಿಂದ ತಡಕೊಂಡಿದ್ದೀನಿ."

ಮಗಳು ಬಟ್ಟೆಯ ರಾಶಿಯನ್ನು ಅಪ್ಪನ ತೋಳಿಗೆ ಹೇರಿ ಒಳಗೆ ಓಡಿದಳು.