ಲೀಲಾಧರನ ಒಕ್ಕೂಟ

ಭಾಷಣವನ್ನು ಬಚ್ಚಲುಮನೆಯಲ್ಲೇ ಅಭ್ಯಾಸ ಮಾಡಿದ್ದರೆ ಲೀಲಾಧರನಿಗೆ ಈ ಗತಿ ಬರುತ್ತಿರಲಿಲ್ಲ. ಆದರೆ ಅಲ್ಲಿ ಹೆಂಡತಿ ಮೋಹಿನಿ ಬಟ್ಟೆ ನೆನೆಹಾಕಿದ್ದಳು. ಹಾಗಾಗಿ ಆ ಭಾನುವಾರ ಬೆಳಿಗ್ಗೆ ಅವನು ಕೆಳಗಿಳಿದು, ಕಾಂಪೌಂಡ್ ಗೋಡೆಯ ಪಕ್ಕ, ಬಾದಾಮಿ ಮರದಡಿ ನಿಂತು ಗಂಟಲು ಸರಿಮಾಡಿಕೊಂಡ.

ಸಂಜೆ ಡೊಂಬಿವಲಿಯ ಕನ್ನಡ ಬಳಗದಲ್ಲಿ ಚರ್ಚಾಸ್ಪರ್ಧೆ. ನೆರೆಹೊರೆಯ ದೇಶಗಳು ಸೇರಿ ಒಕ್ಕೂಟವಾದರೆ ಶಾಂತಿ ಉಳಿಯುತ್ತದೆಯೇ? ಉಳಿಯುತ್ತದೆ ಎನ್ನಲು ಲೀಲಾಧರ. ಇಲ್ಲ ಎನ್ನಲು ಗೋಡೆಯಾಚೆಯ ಬಿಲ್ಡಿಂಗಿನ ಜಯಶೀಲ.

ಈ ಜಯಶೀಲನ ವಿಷಯ ಮೊದಲು ಹೇಳಿಬಿಡಬೇಕು. ಲೀಲಾಧರ ತುರ್ಭೆಯ ಕಾರ್ಖಾನೆಯೊಂದರ ಕ್ಯಾಂಟೀನ್ ಮ್ಯಾನೇಜರ್. ಜಯಶೀಲ ಸೀವುಡ್ಸಿನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವ. ಇಬ್ಬರೂ ಉಡುಪಿ ಕಡೆಯವರು. ಲೋಕಲ್ ಟ್ರೇನಿನಲ್ಲಿ ಹಿಂಡಿಹಿಪ್ಪೆಯಾಗಿ ಬಂದ ಮೇಲೆ ಎದೆಮಟ್ಟದ ಆ ಗೋಡೆಯ ಮೇಲೆ ಇವನದೊಂದು ಲೋಟ, ಅವನದೊಂದು ಲೋಟ ಚಹಾ ಇಟ್ಟುಕೊಂಡು ತುಳುವಿನಲ್ಲಿ ಹರಟದಿದ್ದರೆ ಇಬ್ಬರಿಗೂ ನಿದ್ದೆ ಬರುತ್ತಿರಲಿಲ್ಲ. ಮನೆಯಲ್ಲಿ ಮಗಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ, ಟೀವಿ ಹಿಂದಿಯಲ್ಲಿ ಕಿರುಚುತ್ತದೆ. ಲೀಲಾಧರನ ಮಾತು ಕೇಳಲಿಕ್ಕೆ ಈ ಮಹಾನಗರದಲ್ಲಿ ಇದ್ದವನು ಜಯಶೀಲನೊಬ್ಬನೇ. ಎರಡು ಬಿಲ್ಡಿಂಗಿನವರೂ ಕಸ, ನೀರು, ನಾಯಿ ಅಂತ ವರ್ಷಗಟ್ಟಲೆ ಕಚ್ಚಾಡಿದ್ದರು. ಇವರ ಚಹಾ ಮಾತ್ರ ತಪ್ಪಿರಲಿಲ್ಲ.

“ಎರಡೆರಡು ಮಹಾಯುದ್ಧ ಮಾಡಿದ ಯುರೋಪಿನವರು ಇವತ್ತು ಒಂದೇ ಒಕ್ಕೂಟದಲ್ಲಿ ಬಾಳುತ್ತಿಲ್ಲವೇ?” ಲೀಲಾಧರ ಬಾದಾಮಿ ಮರವನ್ನು ಕೇಳಿದ. “ಗಡಿಯೇ ಜಗಳದ ಬೇರು. ಗೋಡೆ ಕೆಡವಿ!”

ಗೋಡೆಯಾಚೆ ಚಪ್ಪಾಳೆ ಕೇಳಿತು. ಬಾಯಲ್ಲಿ ಬ್ರಷ್ ಇಟ್ಟುಕೊಂಡು ನಿಂತಿದ್ದ ಯಂಕಣ್ಣ, ಜಯಶೀಲನ ಬಿಲ್ಡಿಂಗಿನ ಸೆಕ್ರೆಟರಿ, ವಿಜಯಪುರದ ಕಡೆಯವ.

“ಭಾಳ ಚಲೋ ಹೇಳಿದ್ರಿ ಸಾಹೇಬ್ರ! ಈ ಗ್ವಾಡಿ ಕೆಡವೇ ಬಿಡೂಣು.”

“ಅಯ್ಯೋ, ನಾನು ಹೇಳಿದ್ದು ಯುರೋಪಿಂದು.”

“ಯುರೋಪ್ ಯಾರ್ ನೋಡ್ಯಾರ್ರೀ? ಇದು ಕಣ್ಣ ಮುಂದ ಐತಿ.”

ತಿಂಡಿ ಮುಗಿಯುವಷ್ಟರಲ್ಲಿ ಎರಡೂ ಕಮಿಟಿಗಳು ಮರದಡಿ ಸೇರಿದವು. ಹುಟ್ಟಿದಂದಿನಿಂದ ಯಾವುದಕ್ಕೂ ಒಪ್ಪದ ಲೀಲಾಧರನ ಬಿಲ್ಡಿಂಗಿನ ಚೇರ್ಮನ್ ದಯಾನಂದರೂ ತಲೆಯಾಡಿಸಿದರು. ಅಲ್ಲೇ ಸಂಶಯ ಬರಬೇಕಿತ್ತು, ಹೌದೋ ಅಲ್ಲವೋ? ದಯಾನಂದರ ಕಣ್ಣು ಆಚೆಯ ಬೋರ್‌ವೆಲ್ ಮೇಲೆ, ಯಂಕಣ್ಣನ ಕಣ್ಣು ಈಚೆಯ ಮೇನ್ ರೋಡಿನ ಗೇಟಿನ ಮೇಲೆ. ಲೀಲಾಧರ ಮಾತ್ರ ತನ್ನ ಭಾಷಣಕ್ಕೇ ಲೋಕ ಬದಲಾಯಿತೆಂದು ಉಬ್ಬಿಹೋಗಿದ್ದ.

ಜಯಶೀಲ ಅವನ ತೋಳು ಜಗ್ಗಿದ. “ಬೇಡ ಮಾರಾಯ. ಯುಗೋಸ್ಲಾವಿಯಾದವರೂ ಒಂದಾಗಿಯೇ ಇದ್ದದ್ದು. ಮತ್ತೆ ಎಂಥ ಆಯ್ತು? ಹೊಡೆದಾಡಿ ಚೂರು ಚೂರಾದರು. ಅದೆಲ್ಲ ಬಿಡು, ನಾವು ಲೋಟ ಎಲ್ಲಿ ಇಡುವುದು?”

“ಟೀಪಾಯಿ ತರುವ. ಚರ್ಚೆಯಲ್ಲಿ ಸೋಲ್ತೇನೆ ಅಂತ ನಿಂಗೆ ಹೆದರಿಕೆ, ಅಷ್ಟೆ.”

ಆ ಮಾತು ಆಡಬಾರದಿತ್ತು. ಜಯಶೀಲನ ಮುಖ ಸಣ್ಣದಾಯಿತು.

ಗೋಡೆ ಒಡೆಯುವ ಮೊದಲು ಕಾಯಿ ಒಡೆಯಬೇಕಲ್ಲ, ಅದನ್ನು ಯಾರು ಒಡೆಯುವುದೆಂದು ಒಂದು ಸುತ್ತು ವಾಗ್ವಾದವಾಯಿತು. ಕೊನೆಗೆ ಎರಡು ಕಾಯಿ ಒಡೆದರು. ಮಳೆ ಕುಡಿದು ಮೆತ್ತಗಾಗಿದ್ದ ಗೋಡೆ ಮಧ್ಯಾಹ್ನದೊಳಗೆ ಮಣ್ಣುಪಾಲಾಯಿತು.

ಆಮೇಲೆ ಶುರುವಾಯಿತು ನೋಡಿ! ಆಚೆಯ ಕಾರುಗಳೆಲ್ಲ ಈಚೆಯ ಗೇಟಿಗೆ ನುಗ್ಗಿದವು. ಈಚೆಯ ಪೈಪು ಆಚೆಯ ಬೋರ್‌ವೆಲ್ಲಿಗೆ ಇಳಿಯಿತು. ಇಬ್ಬರು ವಾಚ್‌ಮನ್‌ಗಳೂ ‘ಅದು ಅವನ ಡ್ಯೂಟಿ’ ಅಂತ ಮಲಗಿಬಿಟ್ಟರು. ಜಗಳವಾದಲ್ಲೆಲ್ಲ “ಕರೀರಿ ಲೀಲಾಧರರನ್ನ, ಅವರೇ ಹೇಳಿದ್ದು” ಎಂಬ ಕೂಗು. ಊಟಕ್ಕೆ ಕೂತವನು ಮೂರು ಸಲ ಎದ್ದ.

“ಮೀನುಸಾರು ಆರಿಹೋಯ್ತು,” ಎಂದಳು ಮೋಹಿನಿ. “ಯುರೋಪಿನವರು ಬಂದು ಬಿಸಿ ಮಾಡ್ತಾರಾ ಕೇಳಿ.”

ಸಂಜೆ ಲೀಲಾಧರ ಸಭೆಗೆ ಹೊರಟು ತನ್ನ ಸ್ಕೂಟರಿನ ಬಳಿ ಹೋದರೆ ಅದನ್ನು ಯಾರೋ ಪಕ್ಕಕ್ಕೆ ತಳ್ಳಿದ್ದರು, ಬಿಸಿಲಲ್ಲಿ ಬೇಯುತ್ತಿತ್ತು. ಅದರ ಜಾಗದಲ್ಲಿ, ಮರದ ನೆರಳಿನಲ್ಲಿ, ಜಯಶೀಲನ ಸ್ಕೂಟರ್. ಇಷ್ಟು ಕಾಲ ಗೋಡೆ ಆ ನೆರಳನ್ನು ಸಮಪಾಲು ಮಾಡಿತ್ತು, ಈಚೆಯದು ಇವನಿಗೆ, ಆಚೆಯದು ಅವನಿಗೆ. ಈಗ ಆಚೆಯದಕ್ಕೆ ಯಂಕಣ್ಣನ ಕಾರು ಬಂದು ಕೂತಿತ್ತು.

“ಇದು ನನ್ನ ನೆರಳು ಮಾರಾಯ.”

“ಗಡಿ ಇರಬಾರದು ಅಂತ ಬೆಳಿಗ್ಗೆ ಬೊಬ್ಬೆ ಹೊಡೆದದ್ದು ಯಾರು?” ಎಂದ ಜಯಶೀಲ.

“ಹೊಟ್ಟೆಕಿಚ್ಚಿನವ ನೀನು!”

“ನೀನು ದೊಡ್ಡಸ್ತಿಕೆಯವ!”

ಒಂದು ದಿನವೂ ಗಟ್ಟಿ ಮಾತಾಡದವರು ಬೇರೆ ಬೇರೆಯಾಗಿ ಸಭೆಗೆ ಹೋದರು.

ಲೀಲಾಧರ ಮೈಕಿನ ಮುಂದೆ ನಿಂತ. ಮುಂದಿನ ಸಾಲಿನಲ್ಲಿ ಜಯಶೀಲ ತಲೆ ತಗ್ಗಿಸಿ ಕೂತಿದ್ದ. ಲೀಲಾಧರ ಅವನನ್ನೇ ನೋಡಿದ. ಕಲಿತ ಭಾಷಣವೆಲ್ಲ ಮರೆತುಹೋಯಿತು.

“ಒಕ್ಕೂಟ ಬೇಡ ಸ್ವಾಮಿ,” ಎಂದ. “ಗೋಡೆ ಇದ್ದರೆ ಅದರ ಮೇಲೆ ಚಹಾದ ಲೋಟವಾದರೂ ಇಡಬಹುದು. ಜಯಶೀಲ ಹೇಳಿದ್ದೇ ಸರಿ. ನಾನು ಅವನ ಮಾತು ಕೇಳಬೇಕಿತ್ತು.”

ಜಯಶೀಲ ಕಣ್ಣೊರೆಸುತ್ತ ಎದ್ದು ಬಂದ. “ಒಕ್ಕೂಟ ಬೇಕು. ಜಗಳ ಬಂದರೂ ಎದುರುಬದುರು ಕೂತು ಆಡಬೇಕು, ಬಂದೂಕು ಹಿಡಿದಲ್ಲ. ಒಂದು ಸ್ಕೂಟರ್ ಬಿಸಿಲಲ್ಲಿ ನಿಂತರೆ ಲೋಕ ಮುಳುಗುವುದಿಲ್ಲ. ಲೀಲಾಧರ ಹೇಳಿದ್ದೇ ಸರಿ.”

ತೀರ್ಪುಗಾರ್ತಿ ಶ್ರೀವಾಣಿ ಟೀಚರ್ ಕನ್ನಡಕ ತೆಗೆದಿಟ್ಟರು. “ಇಬ್ಬರೂ ನಿಮ್ಮ ನಿಮ್ಮ ಪಕ್ಷ ಬಿಟ್ಟಿದ್ದೀರಿ. ಇಬ್ಬರೂ ಔಟ್.”

ಔಟಾದವರು ಜಯಶೀಲನ ಸ್ಕೂಟರನ್ನು ಅಲ್ಲೇ ಬಿಟ್ಟು ಒಂದೇ ಸ್ಕೂಟರಿನಲ್ಲಿ ಮನೆಗೆ ಹೊರಟರು.

“ನಾಳೆಯಿಂದ ನೆರಳು ನಿಂಗೇ ಇರಲಿ,” ಎಂದ ಲೀಲಾಧರ.

“ದಿನ ಬಿಟ್ಟು ದಿನ ಇಡುವ ಮಾರಾಯ. ಟೀಪಾಯಿ ನಾನು ತರ್ತೇನೆ.”

ದಾರಿಯುದ್ದಕ್ಕೂ ಲೀಲಾಧರ ಹಗುರಾಗಿದ್ದ. ಗೇಟಿನಲ್ಲಿ ಆಶ್ಚರ್ಯ ಕಾದಿತ್ತು. ಯಂಕಣ್ಣ, ದಯಾನಂದರು ಹೆಗಲ ಮೇಲೆ ಕೈ ಹಾಕಿಕೊಂಡು ಬಟಾಟೆವಡೆ ತಿನ್ನುತ್ತಿದ್ದರು. ಎರಡೂ ಬಿಲ್ಡಿಂಗಿನವರು ನಗುತ್ತಿದ್ದರು. ವಾಚ್‌ಮನ್‌ಗಳೂ ಎದ್ದಿದ್ದರು.

“ಸಾಹೇಬ್ರ, ನಿಮ್ಮ ಮಾತು ಖರೇ ಆತು!” ಎಂದ ಯಂಕಣ್ಣ. “ಎಲ್ಲಾರೂ ಒಂದಾದ್ವಿ. ಒಬ್ಬರದೂ ವಿರೋಧ ಇಲ್ಲ.”

“ಯಾವುದಕ್ಕೆ?”

ದಯಾನಂದರು ಹೆಮ್ಮೆಯಿಂದ ಕೈ ತೋರಿಸಿದರು. ಬಾದಾಮಿ ಮರದಡಿ, ಈ ತುದಿಯಿಂದ ಆ ತುದಿಗೆ, ಆಳೆತ್ತರಕ್ಕೂ ಮೀರಿದ ತಗಡಿನ ಬೇಲಿ. “ಮೇಲಿನ ಅಂಚನ್ನು ಚೂಪಾಗಿ ಕತ್ತರಿಸಿದ್ದೇವೆ. ಇನ್ನು ಯಾರೂ ಏನೂ ಇಡುವ ಹಾಗಿಲ್ಲ.”

ಕತ್ತಲಾಗುವ ಹೊತ್ತಿಗೆ ಲೀಲಾಧರ ಲೋಟ ಹಿಡಿದು ಅಭ್ಯಾಸಬಲದಿಂದ ತಗಡಿನ ಮುಂದೆ ಬಂದು ನಿಂತ.

“ಲೀಲಾ, ಇದ್ದೀಯಾ?” ಆಚೆಯಿಂದ ಕ್ಷೀಣವಾಗಿ ಕೇಳಿತು.

“ಇದ್ದೇನೆ ಮಾರಾಯ.”

“ಎಂಥ? ಕೇಳುದಿಲ್ಲ. ಗಟ್ಟಿ ಹೇಳು!”

“ಇದ್ದೇನೆ ಅಂದೆ!”

ದಯಾನಂದರ ಕಿಟಕಿ ಧಡಾರನೆ ತೆರೆಯಿತು. “ಯಾರ್ರೀ ಅದು ಬೊಬ್ಬೆ ಹೊಡೆಯುವುದು? ಈಗ ತಾನೇ ಶಾಂತಿ ಆಗಿದೆ!”

ಲೀಲಾಧರ ಆರಿದ ಚಹಾ ಹಿಡಿದುಕೊಂಡು ಮೆಟ್ಟಿಲು ಹತ್ತಿದ.