ಹಗುರ ಡಬ್ಬಿಯ ಬ್ರೆಡ್ಡು

ನಮ್ಮ ಭಾವನಷ್ಟು ಅಪಾಯಕಾರಿ ಮನುಷ್ಯ ಹೊನ್ನಾಳಿ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ. ಹಾಗಂತ ಅವರು ಯಾರಿಗೂ ಹೊಡೆದವರಲ್ಲ, ಬೈದವರಲ್ಲ, ಕುಡಿದವರೂ ಅಲ್ಲ. (ಹೆಂಡದ ಅಂಗಡಿಗೆ ಹೋಗುತ್ತಿದ್ದದ್ದು ನಿಜ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.) ಅವರು ಕೆಂಡದ ಮೇಲೆ ಬ್ರೆಡ್ ಸುಡುತ್ತಿದ್ದರು. ಅಷ್ಟೇ!

ಅಷ್ಟೇ ಅಂದರೆ ಇವತ್ತಿನವರಿಗೆ ಅರ್ಥವಾಗುವುದಿಲ್ಲ. ಎಪ್ಪತ್ತರ ದಶಕದ ನಮ್ಮ ಹೊನ್ನಾಳಿಯಲ್ಲಿ ಬ್ರೆಡ್ ತಿಂಡಿಯಲ್ಲ, ಔಷಧ. ಶಿವಮೊಗ್ಗದಿಂದ ಬೆಳಗಿನ ಬಸ್ಸಿಗೆ ಮೇಣದ ಕಾಗದ ಸುತ್ತಿಕೊಂಡು ಬಂದು, ಜ್ವರ ಬಂದವರ ಮಂಚದ ಪಕ್ಕ ಹಾಲಿನಲ್ಲಿ ಮುಳುಗಿ ಮುಗಿಯುವ ವಸ್ತು. ಅದನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆದರೆ ಹತ್ತು ಜನ ತಡೆದು "ಯಾರಿಗೆ ಹುಷಾರಿಲ್ಲ?" ಎನ್ನುತ್ತಿದ್ದರು. ಗಟ್ಟಿಮುಟ್ಟಾದ ಮನುಷ್ಯ ಇಷ್ಟಪಟ್ಟು ಬ್ರೆಡ್ ತಿನ್ನುವುದೆಂದರೆ, ಗಟ್ಟಿಮುಟ್ಟಾದ ಮನುಷ್ಯ ಆಸೆಪಟ್ಟು ಇಂಜೆಕ್ಷನ್ ಚುಚ್ಚಿಸಿಕೊಂಡ ಹಾಗೆ!

ಭಾವನಿಗೆ ಕೆರೆ, ರಸ್ತೆ, ನಾಲೆಗಳ ಸರ್ವೆ ಮಾಡುವ ಕೆಲಸ. ತಿಂಗಳಲ್ಲಿ ಹದಿನೈದು ದಿನ ಡೇರೆಯಲ್ಲೇ ವಾಸ. ಒಮ್ಮೆ ದಾವಣಗೆರೆಯ ಗುಜರಿ ಅಂಗಡಿಯಲ್ಲಿ ಮಿಲಿಟರಿಯವರು ಬಿಟ್ಟದ್ದು ಎನ್ನಲಾದ ಅಲ್ಯೂಮಿನಿಯಂ ಡಬ್ಬಿಗಳ ಒಂದು ಜೊತೆ ಅವರ ಕಣ್ಣಿಗೆ ಬಿತ್ತು. ದೊಡ್ಡದರೊಳಗೆ ಚಿಕ್ಕದು ಕೂರುತ್ತದೆ, ಮುಚ್ಚಳ ಮಗುಚಿದರೆ ತಟ್ಟೆಯಾಗುತ್ತದೆ, ಹಿಡಿ ಮಡಚಿಕೊಳ್ಳುತ್ತದೆ. ಎಲ್ಲಾ ಸೇರಿ ಒಂದು ತೆಂಗಿನಕಾಯಿಯ ಭಾರವಿಲ್ಲ. ಅವತ್ತಿನಿಂದ ಭಾವ ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ಡಬ್ಬಿ ಕೊಡುತ್ತಿದ್ದರು.

"ತೂಕ ನೋಡ್ರಿ!"

ಬಂದವರು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ "ಏನೂ ಇಲ್ಲ ಬಿಡ್ರಿ" ಅನ್ನಬೇಕು. ಅಂದಮೇಲೇ ನೀರು. ನಾನು ಆಗ ನ್ಯಾಮತಿಯಲ್ಲಿ ಶಾಲೆಯ ಟೀಚರು. ರಜೆ ಸಿಕ್ಕಾಗೆಲ್ಲ ಹೊನ್ನಾಳಿಗೆ, ಅಕ್ಕನ ಮನೆಗೆ ಬರುತ್ತಿದ್ದೆ. ನನಗೂ ಪ್ರತಿ ಸಲ ಇದೇ ಪರೀಕ್ಷೆ.

"ಹೋದ ವಾರ ನೋಡೀನಲ್ಲ ಭಾವ."

"ಹೋದ ವಾರಕ್ಕಿಂತ ಹಗುರ ಐತೆ, ನೋಡು ಟೀಚರಮ್ಮ. ಉಜ್ಜಿ ಉಜ್ಜಿ ಸವೆದೈತೆ!"

ಮೊದಲ ಬ್ರೆಡ್ ಹುಟ್ಟಿದ್ದು ಜಗಳೂರಿನ ಕಡೆಯ ಡೇರೆಯಲ್ಲಿ. ಮೈದಾ ಕಲಸಿ ಚಿಕ್ಕ ಡಬ್ಬಿಗೆ ಹಾಕಿ, ಅದನ್ನು ದೊಡ್ಡ ಡಬ್ಬಿಯೊಳಗೆ ಮೂರು ಹರಳಿನ ಮೇಲೆ ಕೂರಿಸಿ, ಕೆಳಗೆ ಜಾಲಿ ಕಟ್ಟಿಗೆಯ ಕೆಂಡ, ಮುಚ್ಚಳದ ಮೇಲೂ ಕೆಂಡ. ಸುಟ್ಟು ತೆಗೆದದ್ದನ್ನು ಡೇರೆ ಕಟ್ಟಿ ಬಿಚ್ಚುವ ಆಳು ಕಲಾಸಿ ಹಲ್ಲಿನಿಂದ, ಆಮೇಲೆ ಕುಡುಗೋಲಿನಿಂದ ಪ್ರಯತ್ನಿಸಿ, ಕೊನೆಗೆ ಸರ್ವೆ ಗೂಟ ಹೊಡೆಯಲು ಬಳಸಿದನಂತೆ. ಗೂಟ ಮುರಿಯಿತಂತೆ! ಸಂಜೆ ಅದನ್ನು ಎರಡು ಹೊಲಗಳ ನಡುವೆ ಬಿಟ್ಟು ಬಂದರಂತೆ. ಈಗಲೂ ಯಾರೋ ರೈತರು ಅದನ್ನು ಎಲ್ಲೆ ಕಲ್ಲು ಎಂದು ನಂಬಿ ಕೋರ್ಟಿಗೆ ಓಡಾಡುತ್ತಿರಬಹುದು. ಇದೆಲ್ಲ ಕಲಾಸಿ ಹೇಳಿದ್ದು. ಅವನು ಹೇಳಿದ ಮೇಲೆ ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಗೂಟ ಮುರಿದದ್ದನ್ನು ಅವನು ಸೇರಿಸಿದನೋ ನಾನು ಸೇರಿಸಿದೆನೋ ಈಗ ಗೊತ್ತಿಲ್ಲ.

ಹೊನ್ನಾಳಿಯ ಹಿತ್ತಲಲ್ಲಿ ನಡೆದದ್ದನ್ನು ಮಾತ್ರ ನಾನೇ ಕಂಡಿದ್ದೇನೆ. ಬ್ರೆಡ್ಡಿನ ವಾಸನೆ ಗೋಡೆ ದಾಟಿದ್ದೇ ತಡ, ಕೇರಿಯೇ ಮನೆಗೆ ಬಂತು. ಒಬ್ಬರ ಕೈಯಲ್ಲಿ ಎಳನೀರು, ಇನ್ನೊಬ್ಬರ ಕೈಯಲ್ಲಿ ವಿಭೂತಿ. ಪಕ್ಕದ ಮನೆಯ ಅಜ್ಜಿ ಸೆರಗಿನಲ್ಲಿ ನಾಲ್ಕು ಮೋಸಂಬಿ ಕಟ್ಟಿಕೊಂಡು, ಮುಖ ಸಣ್ಣಗೆ ಮಾಡಿಕೊಂಡು ಒಳಗೆ ಬಂದರು.

"ಯಾರಿಗವ್ವಾ? ಎಷ್ಟು ದಿನದಿಂದ?"

"ಯಾರಿಗೂ ಏನೂ ಆಗಿಲ್ಲಜ್ಜಿ," ಎಂದಳು ಅಕ್ಕ.

"ಮುಚ್ಚಿಡಬಾರದು ತಾಯಿ. ಬ್ರೆಡ್ಡಿನ ವಾಸ್ನೆ ಬರಾಕತ್ತೈತೆ."

"ನಾನೇ ಸುಡಾಕತ್ತೀನಿ. ತಿನ್ನಾಕೆ!" ಎಂದರು ಭಾವ, ಎದೆ ಉಬ್ಬಿಸಿ. "ಡಬ್ಬಿ ತೂಕ ನೋಡ್ರಿ!"

ಅಜ್ಜಿ ಡಬ್ಬಿ ನೋಡಲಿಲ್ಲ. ಭಾವನ ಹಣೆ ಮುಟ್ಟಿ ನೋಡಿದರು. ಬಿಸಿ ಇಲ್ಲದ್ದು ಖಚಿತವಾದ ಮೇಲೆ ಮೋಸಂಬಿಗಳನ್ನು ಎಣಿಸಿ ವಾಪಸು ಕಟ್ಟಿಕೊಂಡು ಹೋದರು!

ಆಮೇಲೂ ಎರಡು ಮೂರು ಸಲ ಹೀಗೇ ಆಯಿತು. ನಂತರ ಕೇರಿ ಕಲಿತುಕೊಂಡಿತು. ವಾಸನೆ ಬಂದರೆ "ಸರ್ವೆಯವರ ಆಟ ಶುರುವಾತು" ಅಂದು ನಕ್ಕು ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು.

ಈಗ ಹೆಂಡಕ್ಕೆ ಬರೋಣ. ಹಿಟ್ಟು ಉಬ್ಬಲು ಒಂದು ಬಟ್ಟಲು ಹೆಂಡ ಬೇಕು ಎಂದು ಭಾವನಿಗೆ ಯಾವನೋ ಹೇಳಿದ್ದ. ಶೀಶೆಯನ್ನು ನಕಾಶೆಯ ಸುರುಳಿಯಲ್ಲಿ ಅಡಗಿಸಿಕೊಂಡು ತರುತ್ತಿದ್ದರು. ನಕಾಶೆ ನಾರತೊಡಗಿದಾಗ ಅಕ್ಕನಿಗೆ ಗೊತ್ತಾಯಿತು. ದಿನಕ್ಕೆರಡು ಹೊತ್ತು ಲಿಂಗಪೂಜೆ ತಪ್ಪಿಸದ ಹೆಂಗಸು ಅವಳು. ಕಿರುಚಲಿಲ್ಲ. ಡಬ್ಬಿಗಳನ್ನು ಅಡುಗೆಮನೆಯಿಂದ ಹಿತ್ತಲಿಗೆ ಹಾಕಿ ಹೇಳಿದಳು:

"ರೀ, ಸಾಯೋ ಹೊತ್ತಿನಾಗೂ ನಿಮ್ಮ ಹೆಂಡದ ಬ್ರೆಡ್ಡು ನಾ ಬಾಯಿಗೆ ಇಡಾಕಿಲ್ಲ. ಲಿಂಗದ ಮೇಲೆ ಆಣೆ."

"ಸಾಯೋ ಹೊತ್ತಿನಾಗೆ ತಿನ್ನಾಕೆ ಅಂತಾನೇ ಅಲ್ಲೇನೆ ಬ್ರೆಡ್ಡು ಇರೋದು?" ಎಂದರು ಭಾವ.

ನಾವು ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಅಕ್ಕ ನಗಲಿಲ್ಲ ಎನ್ನುತ್ತಾಳೆ. ಇರಬಹುದು. ನನ್ನ ನೆನಪಿನಲ್ಲಿ ನಗುತ್ತಿದ್ದಾಳೆ. ಆ ನಗುವನ್ನು ನಾನು ಆಮೇಲೆ ಅಲ್ಲಿಟ್ಟಿದ್ದರೂ ಇಟ್ಟಿರಬಹುದು. ಯಾಕೆಂದರೆ ಆ ಬೇಸಿಗೆಯಲ್ಲೇ ಅವಳಿಗೆ ವಿಷಮಶೀತ ಜ್ವರ ಬಂತು.

ನಾನು ರಜೆಗೆ ಬಂದಾಗ ಅವಳು ಹಾಸಿಗೆ ಹಿಡಿದು ಎರಡು ವಾರವಾಗಿತ್ತು. ಅಕ್ಕಿ ಗಂಜಿಯ ವಾಸನೆಗೇ ಓಕರಿಕೆ. ಹಾಲು ಒಳಗೆ ಹೋದಷ್ಟೇ ಬೇಗ ಹೊರಗೆ. ಬೆಳಿಗ್ಗೆ ಡಾಕ್ಟರು ಬಂದು, ನಾಡಿ ಹಿಡಿದು, ನಮ್ಮನ್ನು ಪಡಸಾಲೆಗೆ ಕರೆದರು.

"ಬರೀ ಸಲೈನ್ ಮೇಲೆ ಎಷ್ಟು ದಿನ ಇಡಾಕಾಗುತ್ತೆ? ಸಂಜೆ ಒಳಗೆ ಹೊಟ್ಟೇಲಿ ಏನಾದ್ರೂ ನಿಲ್ಲಬೇಕು. ಮೊದಲು ಬ್ರೆಡ್ ನಿಂತಿತ್ತಲ್ಲ, ಅದನ್ನೇ ಕೊಟ್ಟು ನೋಡಿ. ಅದೂ ನಿಲ್ಲಲಿಲ್ಲ ಅಂದ್ರೆ ಶಿವಮೊಗ್ಗಕ್ಕೆ ಸಾಗಿಸಬೇಕು. ಹೆಂಗೆ ಸಾಗಿಸ್ತೀರೋ, ಅದೇ ಯೋಚನೆ."

ಯೋಚನೆಯೇ ಸರಿ. ಬಸ್ಸುಗಳ ಮುಷ್ಕರ ಶುರುವಾಗಿ ನಾಲ್ಕು ದಿನ. ನಾನೂ ನ್ಯಾಮತಿಯಿಂದ ಎತ್ತಿನ ಗಾಡಿಯಲ್ಲೇ ಬಂದಿದ್ದೆ. ಬಸ್ಸಿಲ್ಲ ಅಂದರೆ ಬ್ರೆಡ್ಡೂ ಇಲ್ಲ. ಭಾವ ಊರಿನ ಅಷ್ಟೂ ಅಂಗಡಿ ಸುತ್ತಿ ಬರಿಗೈಯಲ್ಲಿ ಬಂದರು. ಸೈಕಲ್ಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬರುವಷ್ಟರಲ್ಲಿ ಸಂಜೆ ದಾಟುತ್ತದೆ. ಅವರು ಹಿತ್ತಲಿಗೆ ಹೋಗಿ ಡಬ್ಬಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಂದು ಹಾಸ್ಯವನ್ನೂ ಆಡಲಿಲ್ಲ. ನನಗೆ ಭಯವಾದದ್ದು ಆಗಲೇ.

"ಹೆಂಡ ತರಬ್ಯಾಡ್ರಿ ಭಾವ. ಅಕ್ಕನ ಆಣೆ ಐತೆ. ಹಸಿದು ಪ್ರಾಣ ಬಿಟ್ಟಾಳು, ಮುಟ್ಟಾಕಿಲ್ಲ."

"ಗೊತ್ತು. ಪಕ್ಕದ ಮನೆ ಅಜ್ಜಿ ಹತ್ರ ಹುಳಿ ಬಂದ ದೋಸೆ ಹಿಟ್ಟು ಇರ್ತೈತೆ. ಓಡು."

ಓಡಿದೆ. ಅಜ್ಜಿ ಬಟ್ಟಲು ನೋಡಿದ್ದೇ ನಕ್ಕರು. "ನಿನ್ನ ಭಾವನ ಆಟ ಶುರುವಾತಾ?"

"ಇಲ್ಲಜ್ಜಿ, ಈ ಸಲ ಅಕ್ಕಗೆ ನಿಜವಾಗ್ಲೂ ಜ್ವರ."

"ಹೋಗೇ ಮಾರಾಯ್ತಿ! ಮೋಸಂಬಿ ಹೊತ್ತು ಹೊತ್ತು ನನ್ನ ಸೆರಗು ಹರಿದೈತೆ. ತಗಾ, ಎರಡು ಸೌಟು."

ಎರಡು ವಾರದಿಂದ ಅಕ್ಕ ಬಾಗಿಲಿಗೆ ಬಂದಿರಲಿಲ್ಲ, ಒಬ್ಬರೂ ವಿಚಾರಿಸಿರಲಿಲ್ಲ. ಯಾಕೆಂದು ನನಗೆ ಆಗ ಹೊಳೆಯಿತು. ಜ್ವರ ಶುರುವಾದಾಗ ಭಾವ ಅಂಗಡಿಯ ಬ್ರೆಡ್ ಕೈಯಲ್ಲಿ ಹಿಡಿದು ಇಡೀ ಬೀದಿಯ ಎದುರೇ ಬಂದಿದ್ದರು. ಸರ್ವೆಯವರಿಗೆ ಈಗ ಕೊಂಡು ತಿನ್ನುವಷ್ಟು ಚಟ ಹತ್ತಿದೆ ಎಂದುಕೊಂಡಿತ್ತು ಕೇರಿ!

ಹಿಟ್ಟು ಕಲಸಿ ಬಿಸಿಲಲ್ಲಿ ಇಟ್ಟೆವು. ಒಂದು ಗಂಟೆ, ಏನೂ ಇಲ್ಲ. ಎರಡು ಗಂಟೆ, ಏನೂ ಇಲ್ಲ. ಒಳಗೆ ಅಕ್ಕ ನರಳಿದರೆ ನಾನು ಒಳಗೆ. ಹೊರಗೆ ಭಾವ ಕೆಮ್ಮಿದರೆ ನಾನು ಹೊರಗೆ. ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಬಟ್ಟೆಯನ್ನು ಸ್ವಲ್ಪ ಮೇಲೆತ್ತಿತ್ತು. ಎತ್ತಿತ್ತೋ, ಗಾಳಿಯೋ?

ಆಮೇಲೆ ಭಾವ ಯಾವತ್ತೂ ಮಾಡದ ಕೆಲಸ ಮಾಡಿದರು. ನದಿಯಿಂದ ಒಂದು ಚೊಂಬು ಮರಳು ತಂದು ದೊಡ್ಡ ಡಬ್ಬಿಯ ತಳಕ್ಕೆ ಸುರಿದರು.

"ಭಾವ, ಡಬ್ಬಿ ಭಾರ ಆಗ್ತೈತಲ್ರಿ?"

"ಆಗ್ಲಿ. ಇಷ್ಟು ದಿನ ತಳ ಸೀದಿದ್ದೇ ತಗಡು ತೆಳ್ಳಗೆ ಐತೆ ಅಂತ. ನಂಗೆ ಮೊದ್ಲೇ ಗೊತ್ತಿತ್ತು." ಮರಳನ್ನು ಅಂಗೈಯಿಂದ ಸಮ ಮಾಡುತ್ತ, "ಮರಳು ಹಾಕಿದ್ರೆ ಹಗುರ ಎಲ್ಲಿರ್ತೈತೆ ಅಂತ ಹಾಕಿರಲಿಲ್ಲ," ಎಂದರು.

ಕೆಂಡದ ಕಾವು ಅಳೆಯಲು ಅದರ ಮೇಲೆ ಅಂಗೈ ಚಾಚಿ, ಸುಡುವವರೆಗೆ ಎಣಿಸಿದರು. ಎಂಟು. ಸ್ವಲ್ಪ ಕೆಂಡ ಸರಿಸಿ ಮತ್ತೆ ಎಣಿಸಿದರು. ಹತ್ತು. ಡಬ್ಬಿ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿ, ಗಡಿಯಾರ ನೋಡಿಕೊಂಡರು. ಮುಕ್ಕಾಲು ಗಂಟೆ ಮುಚ್ಚಳ ತೆಗೆಯುವಂತಿಲ್ಲ. ತೆಗೆದರೆ ಉಬ್ಬಿದ್ದು ಕೂತುಬಿಡುತ್ತದೆ.

ಮುಕ್ಕಾಲು ಗಂಟೆ ಎಂದರೆ ಎಷ್ಟು ಉದ್ದ? ಅಕ್ಕನ ತುಟಿಗೆ ಒದ್ದೆ ಬಟ್ಟೆ ಒತ್ತುತ್ತ ಕೂತವಳನ್ನು ಕೇಳಿ! ಒಂದು ಸಲ ಸೀದ ವಾಸನೆ ಬಂದಂತಾಯಿತು. ನಾನು ಹಿತ್ತಲಿಗೆ ಓಡಿ ಇಕ್ಕಳಕ್ಕೆ ಕೈ ಹಾಕಿದೆ. ಭಾವ ನನ್ನ ಮಣಿಕಟ್ಟು ಹಿಡಿದರು. ನೋವಾಗುವಷ್ಟು ಬಿಗಿಯಾಗಿ.

"ತೆಗೀಬ್ಯಾಡ."

"ಸೀದಿದ್ರೆ?"

"ಸೀದಿದ್ರೆ ಸೀದೈತೆ. ತೆಗೀಬ್ಯಾಡ."

ಗೋಡೆಯಾಚೆ ಯಾರೋ "ಘಮ ಘಮ ಬರಾಕತ್ತೈತಲ್ರೀ ಸರ್ವೆ ಸಾಹೇಬ್ರೇ, ಎಲ್ಲೆ ಕಲ್ಲು ಎಷ್ಟು ತಯಾರಾದ್ವು?" ಎಂದು ಕೂಗಿ ನಕ್ಕರು. ಭಾವ ಗಡಿಯಾರ ನೋಡಿಕೊಂಡರು.

ಮುಚ್ಚಳ ತೆಗೆದೆವು. ಬ್ರೆಡ್ಡು ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಕುಸಿದು, ಕೆರೆಯ ಏರಿಯ ಮೇಲೆ ಕೂತ ಎಮ್ಮೆಯ ಹಾಗಿತ್ತು. ಭಾವ ಉಬ್ಬಿದ ಕಡೆಯಿಂದ ಒಂದು ಚೂರು ಮುರಿದು, ನೀರು ಬೆರೆಸಿದ ಹಾಲಿನಲ್ಲಿ ಅದ್ದಿ ಅಕ್ಕನ ಬಾಯಿಯ ಹತ್ತಿರ ಹಿಡಿದರು. ಅವಳು ಕಣ್ಣು ತೆರೆದಳು. ಬಾಯಿ ತೆರೆಯಲಿಲ್ಲ.

"ಹೆಂಡ?"

"ಇಲ್ವೇ. ದೋಸೆ ಹಿಟ್ಟು. ಪಕ್ಕದ ಮನೆ ಅಜ್ಜೀದು."

"ಅಜ್ಜಿ ಬಂದು ಹೇಳ್ಲಿ."

ಅರೆಜೀವದಲ್ಲೂ ಸಾಕ್ಷಿ ಕೇಳುವ ಹೆಂಗಸು! ನಾನು ಮತ್ತೆ ಓಡಿದೆ. ಅಜ್ಜಿ ನಗುತ್ತಲೇ ಬಂದರು, ಹೊಸ್ತಿಲಲ್ಲಿ ನಿಂತರು, ಮಂಚದ ಮೇಲಿದ್ದದ್ದನ್ನು ನೋಡಿದರು. ನಗು ಎಲ್ಲಿ ಹೋಯಿತೋ!

"ಅಯ್ಯೋ ನನ್ನವ್ವ! ನನ್ನ ಬಾಯಿಗೆ ಮಣ್ಣು ಹಾಕ! ನಂದೇ ಕಣವ್ವಾ ಹಿಟ್ಟು. ನಿನ್ನೆ ನಾನೇ ರುಬ್ಬಿದ್ದು. ತಿನ್ನು ನನ್ನ ತಾಯಿ!"

ಅಕ್ಕ ಬಾಯಿ ತೆರೆದಳು.

ಒಂದು ಚೂರು. ಮೂವರೂ ಅವಳ ಗಂಟಲು ನೋಡುತ್ತ ಕೂತೆವು. ಭಾವ ಗಡಿಯಾರ ನೋಡುತ್ತಿದ್ದರು. ಐದು ನಿಮಿಷ. ಅಜ್ಜಿ ಬಾಯಲ್ಲಿ ಶಿವ ಶಿವ. ಹತ್ತು ನಿಮಿಷ. ಅವಳು ಒಮ್ಮೆ ಬಿಕ್ಕಿದಳು. ನಾನು ಬೋಗುಣಿ ಹಿಡಿದೆ. ಏನೂ ಬರಲಿಲ್ಲ. ಕಾಲು ಗಂಟೆ.

"ಉಪ್ಪು ಕಮ್ಮಿ," ಎಂದಳು ಅಕ್ಕ. "ಇನ್ನೊಂದು ಚೂರು."

ಬ್ರೆಡ್ಡು ಹತ್ತಿಯ ಹಾಗೆ ಮೆತ್ತಗಿತ್ತು ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ನಾನೂ ಒಂದು ಚೂರು ತಿಂದಿದ್ದೆ. ಒಳಗೆ ಹಸಿ, ಹೊರಗೆ ಇದ್ದಿಲು. ಇಬ್ಬರಲ್ಲಿ ಯಾರ ನಾಲಿಗೆಯನ್ನು ನಂಬುತ್ತೀರಿ? ನಾನಂತೂ ನನ್ನದನ್ನು ನಂಬುವುದು ಬಿಟ್ಟಿದ್ದೇನೆ.

ವಾರದ ಮೇಲೆ ಜ್ವರ ಬಿಟ್ಟಿತು. ಎಳೆ ಬಿಸಿಲಿಗೆ ಕೂರಿಸಲೆಂದು ಭಾವ ಅವಳನ್ನು ಹಾಸಿಗೆಯಿಂದ ಎರಡು ಕೈಯಲ್ಲಿ ಎತ್ತಿಕೊಂಡರು. ಎತ್ತಿದವರು ಅಲ್ಲೇ ನಿಂತರು. ಭಾರ ಎಷ್ಟಿರುತ್ತದೆಂದು ಕೈಗಳಿಗೆ ಒಂದು ಅಂದಾಜು ಇರುತ್ತದಲ್ಲ, ಅಷ್ಟು ಬಲ ಹಾಕಿ ಎತ್ತಿದ್ದರು. ಅಷ್ಟು ಬೇಕಾಗಿರಲೇ ಇಲ್ಲ. ನನ್ನ ಕಡೆ ತಿರುಗಿದರು. ಅವರ ಬಾಯಲ್ಲಿ ಆ ಮಾತು ಬಂದೇಬಿಡುತ್ತದೆ ಅಂದುಕೊಂಡೆ. ಬರಲಿಲ್ಲ. ಆಮೇಲೆ ಅವರು ಯಾರ ಕೈಗೂ ಡಬ್ಬಿ ಕೊಡಲಿಲ್ಲ.

ಮುಂದಿನ ವರ್ಷ ಅವರಿಗೆ ಚನ್ನಗಿರಿಗೆ ವರ್ಗವಾಯಿತು. ಮನೆಯ ಎದುರೇ ಅಡಿಕೆ ಮಂಡಿ. ಮೂಟೆ ತೂಗುವ ದೊಡ್ಡ ತಕ್ಕಡಿ ಅಲ್ಲಿ ಸರಪಳಿಯಲ್ಲಿ ತೂಗಾಡುತ್ತಿತ್ತು. ತಿಂಗಳಿಗೊಮ್ಮೆ ಭಾವ ಅಕ್ಕನನ್ನು ಅದರ ಒಂದು ತಟ್ಟೆಯಲ್ಲಿ ಕೂರಿಸುತ್ತಿದ್ದರು! ಒಂದು ಸಲ ನಾನೂ ಅಲ್ಲಿದ್ದೆ.

"ರೀ, ಮಾನ ಮರ್ಯಾದೆ ಐತೋ ಇಲ್ವೋ? ನಾನೇನು ರಾಶಿ ಅಡಿಕೆನಾ?"

"ಕೂತ್ಕಾ ಸುಮ್ನೆ. ಅಣ್ಣಾ, ಹೋದ ತಿಂಗಳಿನಷ್ಟೇ ಕಲ್ಲು ಹಾಕಪ್ಪ."

ಹಮಾಲಿ ನಗುತ್ತ ಎದುರು ತಟ್ಟೆಗೆ ಕಲ್ಲುಗಳನ್ನು ಪೇರಿಸಿದ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸರಪಳಿ ಹಿಡಿದು ಕೂತಳು. ತಕ್ಕಡಿ ಆ ಕಡೆ ಈ ಕಡೆ ಓಲಾಡಿತು. ಭಾವ ಉಸಿರು ಹಿಡಿದು ನಿಂತಿದ್ದರು, ಅವತ್ತು ಡಬ್ಬಿಯ ಮುಚ್ಚಳದ ಮುಂದೆ ನಿಂತ ಹಾಗೆಯೇ. ಅಕ್ಕನ ತಟ್ಟೆ ನಿಧಾನವಾಗಿ ಇಳಿದು, ಇಳಿದು, ಧಡ್ ಎಂದು ನೆಲಕ್ಕೆ ಕೂತಿತು.

"ತೂಕ ನೋಡ್ರೀ!" ಎಂದು ಭಾವ ಇಡೀ ಮಂಡಿಗೆ ಕೇಳುವ ಹಾಗೆ ಕೂಗಿದರು. ಕೂಗಿದವರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು, ಅಡಿಕೆ ಧೂಳು ಹಾಳಾದ್ದು ಎಂದರು.

ಇಲ್ಲಿ ಬರೆದದ್ದರಲ್ಲಿ ಯಾವುದನ್ನು ಬೇಕಾದರೂ ನೀವು ನಂಬದಿರಬಹುದು. ಆ ತಟ್ಟೆ ನೆಲ ಮುಟ್ಟಿದ ಸದ್ದನ್ನು ಮಾತ್ರ ನಾನು ಕೇಳಿದ್ದೇನೆ.