ಆಫರ್ ದಿನದ ಗೆಳತಿಯರು

ಅಗ್ಗದ ಸಾಮಾನು ಹುಡುಕುವವರ ಜೊತೆ ಒಂದು ವಾರ ತಿರುಗಾಡಿ ನೋಡಿ, ನಗದೆ ಮನೆಗೆ ಬಂದರೆ ನನ್ನನ್ನು ಕೇಳಿ. ಚೀಲದಲ್ಲಿ ಉಳ್ಳಾಗಡ್ಡಿ ಇರಲಿ ಬಿಡಲಿ, ಹೇಳಲಿಕ್ಕೆ ಒಂದು ಸುದ್ದಿಯಂತೂ ಇದ್ದೇ ಇರುತ್ತದೆ.

ಹಾಗಂತ ನಾನು ಮೊದಲಿನಿಂದ ಇಂಥವಳಲ್ಲ. ನಮ್ಮವರು ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಲೇಥ್ ಮಷಿನ್ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ದಿನ ಹಲ್ಲುಜ್ಜುವಾಗ ಬ್ರಶ್ ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರೆ ಬಲಗೈ ಮಾತು ಕೇಳಲಿಲ್ಲ. ಲಕ್ವ ಹೊಡೆದಿತ್ತು. ಜೀವ ಉಳಿಯಿತು, ಕೆಲಸ ಉಳಿಯಲಿಲ್ಲ. ನಾನು ಸೀರೆಗೆ ಫಾಲ್ ಹಚ್ಚುವ ಕೆಲಸ ಹಿಡಿದೆ. ಮಗಳ ಕಾಲೇಜು ಬಿಡಿಸಬಾರದು, ಯಾರ ಮುಂದೂ ಕೈ ಒಡ್ಡಬಾರದು ಎಂದು ಗಟ್ಟಿ ಮನಸ್ಸು ಮಾಡಿ, ಎಲ್ಲಿ ಏನು ಅಗ್ಗ ಎಂದು ಬೆಳಗಾವಿ ತುಂಬ ಚೀಲ ಹಿಡಿದು ಹೊರಟೆ.

ಎಣ್ಣೆ ಡಬ್ಬಿ

ಬುಧವಾರ ಒಂದು ದೊಡ್ಡ ಕಿರಾಣಿ ಅಂಗಡಿಯಲ್ಲಿ ಆಫರ್. ನಾನು ಒಳಗೆ ಹೋಗುವಷ್ಟರಲ್ಲಿ ಎಣ್ಣೆ ಡಬ್ಬಿ ಒಂದೇ ಉಳಿದಿತ್ತು. ಓಡಿಹೋಗಿ ಅದರ ಹಿಡಿಕೆಗೆ ಕೈ ಹಾಕಿದೆ. ಅದೇ ಗಳಿಗೆಗೆ ಇನ್ನೊಂದು ಕೈಯೂ ಬಿತ್ತು. ತಲೆಯೆತ್ತಿ ನೋಡಿದರೆ ಬುರ್ಖಾ ಹಾಕಿದ, ನನ್ನದೇ ವಯಸ್ಸಿನ ಹೆಂಗಸು. ಆಟೋ ನಗರದ ಕಡೆಯವಳು. ಮುಂದೆ ನಾನು ಭಾಬಿ ಎಂದು ಕರೆಯಲು ಶುರುಮಾಡಿದ್ದು ಇವಳನ್ನೇ.

ನಾನೂ ಬಿಡಲಿಲ್ಲ, ಅವಳೂ ಬಿಡಲಿಲ್ಲ. ನಾನು ಮೊದಲು ಎಂದೆ, ತಾನು ಮೊದಲು ಎಂದಳು. ಹಾಗೇ ಇಬ್ಬರೂ ಒಂದೇ ಡಬ್ಬಿ ಹಿಡಿದುಕೊಂಡು ಬಿಲ್ ಮಾಡುವ ಸಾಲಿನಲ್ಲಿ ನಿಂತೆವು. ಸಾಲು ಉದ್ದವಿತ್ತು. ಎಷ್ಟು ಹೊತ್ತು ಅಂತ ಮುಖ ತಿರುಗಿಸಿಕೊಂಡು ನಿಲ್ಲುವುದು? ಮನೆಯಲ್ಲಿ ಎಷ್ಟು ಜನ ಎಂದು ಅವಳು ಕೇಳಿದಳು. ನಾನು ನಮ್ಮವರ ಸುದ್ದಿ ಹೇಳಿದೆ. ಅವಳು, ಅಕ್ಕ ತೀರಿಕೊಂಡ ಮೇಲೆ ಅವಳ ಮಕ್ಕಳನ್ನೂ ತಾನೇ ಸಾಕುತ್ತಿರುವುದು, ಗಂಡನ ಗ್ಯಾರೇಜಿನ ಗಳಿಕೆ ಎಲ್ಲರ ಹೊಟ್ಟೆಗೆ ಸಾಲದಿರುವುದು, ಎಲ್ಲ ಹೇಳಿದಳು. ನಮ್ಮ ಪಾಳಿ ಬರುವ ಹೊತ್ತಿಗೆ ಇಬ್ಬರ ಕಣ್ಣಲ್ಲೂ ನೀರು.

"ನೀವ ಒಯ್ಯಿರಿ, ಮಕ್ಕಳ ಮನಿ ನಿಮ್ಮದು" ಎಂದೆ ನಾನು.

"ಬ್ಯಾಡ್ರಿ, ಮನ್ಯಾಗ ಬ್ಯಾನಿ ಬಿದ್ದವರು ಅದಾರ, ನೀವ ಒಯ್ಯಿರಿ" ಎಂದಳು ಅವಳು.

ಈಗ ಕೊಡುವುದಕ್ಕೇ ಜಗಳ ಶುರುವಾಯಿತು. ಡಬ್ಬಿ ನನ್ನ ಕಡೆಯಿಂದ ಅವಳ ಕಡೆ, ಅವಳ ಕಡೆಯಿಂದ ನನ್ನ ಕಡೆ ಹೊಯ್ದಾಡಿತು. ಬಿಲ್ ಮಾಡುವ ಹುಡುಗಿ ತಲೆ ಹಿಡಿದುಕೊಂಡು ಕುಳಿತಳು. ಆಗ ನಮ್ಮ ಹಿಂದೆ ನಿಂತಿದ್ದ, ಕಚ್ಚೆ ಸೀರೆಯ ಮುದುಕಿಯೊಬ್ಬಳು ನಡುವೆ ಕೈ ತೂರಿಸಿ ಡಬ್ಬಿ ಎತ್ತಿಕೊಂಡಳು.

"ಇಬ್ಬರಿಗೂ ಬ್ಯಾಡಾತಲ್ಲ, ನನಗ ಇರಲಿ."

ಬಿಸ್ಕೀಟಿನ ತಾರೀಖು

ಆ ಮುದುಕಿ ಖಾನಾಪುರದವಳು. ಮರಾಠಿ ಮಾತಾಡುವ ಮನೆ, ಆದರೆ ಕನ್ನಡವೂ ಸರಾಗ. ನಾವಿಬ್ಬರೂ ಅವಳನ್ನು ಆಯಿ ಎಂದೇ ಕರೆದೆವು. ಸೊಸೆಯ ಹೊಟ್ಟೆಯಲ್ಲಿ ಗಡ್ಡೆ ಆಗಿದೆಯೆಂದು ಬೆಳಗಾವಿಯ ದವಾಖಾನೆಗೆ ತೋರಿಸಲು ಬರುತ್ತಿದ್ದಳು. ಸೊಸೆ ಡಾಕ್ಟರರ ಬಾಗಿಲಲ್ಲಿ ಕೂತಿರುವಾಗ, ಬಸ್ಸಿನ ಖರ್ಚಾದರೂ ಹುಟ್ಟಲಿ ಎಂದು ಆಯಿ ಆಫರ್ ಅಂಗಡಿಗೆ ಬಂದು ಹೋಗುತ್ತಿದ್ದಳು. ಅವತ್ತು ಅಂಗಡಿಯ ಹೊರಗೆ ಬಂದು, ಕಟ್ಟೆಯ ಮೇಲೆ ಕೂತು, ಇದ್ದ ಬಾಟಲಿಗಳಿಗೆಲ್ಲ ಅದೇ ಎಣ್ಣೆ ಸುರಿದು ಮೂವರಿಗೂ ಸಮಪಾಲು ಮಾಡಿದಳು. ಅಂದಿನಿಂದ ಪ್ರತಿ ಬುಧವಾರ ನಾವು ಮೂವರೂ ಒಟ್ಟಿಗೇ.

ಒಂದು ಸಲ ಹಾಗೇ ಬಿಸ್ಕೀಟಿನ ರಾಶಿ ಅರ್ಧ ದರಕ್ಕೆ ಇಟ್ಟಿದ್ದರು. ಭಾಬಿ ಎರಡೂ ತೋಳಿನಲ್ಲಿ ಬಾಚಿಕೊಂಡಳು. ಅಂಗಡಿಯ ಮ್ಯಾನೇಜರ್ ಒಳ್ಳೆಯ ಮನುಷ್ಯ. ಹತ್ತಿರ ಬಂದು, ಇವುಗಳ ತಾರೀಖು ನಾಳೆ ಮುಗಿಯುತ್ತದೆ, ನೋಡಿ ತೆಗೆದುಕೊಳ್ಳಿ ಎಂದ.

ಭಾಬಿ ಶಾಂತವಾಗಿ ಹೇಳಿದಳು: "ತಾರೀಖು ನಾಳೆ ಮುಗೀಲಿ ಸಾಹೇಬ್ರ. ನಮ್ಮ ಮನ್ಯಾಗ ಬಿಸ್ಕೀಟು ಇವತ್ತ ಮುಗೀತಾವ."

ಗೆಣಸಿನ ಮರಾಠಿ

ಖಾನಾಪುರದ ಸಂತೆಯಲ್ಲಿ ಎಲ್ಲವೂ ಇನ್ನೂ ಅಗ್ಗ ಎಂದು ಆಯಿ ಪದೇ ಪದೇ ಹೇಳುತ್ತಿದ್ದಳು. ಒಂದು ದಿನ ನಾನೂ ಭಾಬಿಯೂ ಬಸ್ಸು ಹತ್ತಿ ಹೋದೆವು. ನನ್ನ ತವರು ಬೈಲಹೊಂಗಲದ ಕಡೆ, ಮರಾಠಿ ನನಗೆ ಅರ್ಧಂಬರ್ಧ. ಸಂತೆಯಲ್ಲಿ ಮರಾಠಿ ಮಾತಾಡಿದರೆ ದರ ಇಳಿಸುತ್ತಾರೆ ಎಂದು ಭಾಬಿ ನನ್ನ ತಲೆಯಲ್ಲಿ ತುಂಬಿದ್ದಳು.

ಗೆಣಸಿನ ರಾಶಿ ಹಾಕಿಕೊಂಡು ಕೂತಿದ್ದ ಹೆಂಗಸಿನ ಮುಂದೆ ಕೂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು ಒಪ್ಪಿಸಿದೆ. ಅವಳೂ ಮರಾಠಿಯಲ್ಲೇ ಏನೋ ಹೇಳಿದಳು. ನನಗೆ ತಿಳಿಯಲಿಲ್ಲ. ಅದನ್ನು ತೋರಿಸಿಕೊಳ್ಳದೆ ಇನ್ನೊಂದು ಮಾತು ಹೇಳಿದೆ. ಈ ಸಲ ಅವಳಿಗೆ ತಿಳಿಯಲಿಲ್ಲ. ಇಬ್ಬರೂ ಕೈ ಬಾಯಿ ಆಡಿಸುತ್ತಾ ಬೆವರಿದೆವು. ನಾನು ದರ ಇಳಿಸಲು ಹೇಳಿದ ಮಾತಿಗೆ ಅವಳು ಗೆಣಸನ್ನು ಬುಟ್ಟಿಯಿಂದ ಕೆಳಗಿಳಿಸಿದಳು.

ಅಷ್ಟರಲ್ಲಿ ಪಕ್ಕದ ಅಂಗಡಿಯಲ್ಲಿದ್ದ ಆಯಿ ಬಂದು ನಿಂತಳು. ಸ್ವಲ್ಪ ಹೊತ್ತು ಕೇಳಿಸಿಕೊಂಡು ಗೆಣಸಿನವಳಿಗೆ ಯಾವ ಊರು ಎಂದು ಕೇಳಿದಳು. ಪಾರಿಶ್ವಾಡ ಎಂದಳು ಅವಳು, ಅಚ್ಚ ಕನ್ನಡದಲ್ಲಿ. ನನ್ನ ಮರಾಠಿ ಕೇಳಿ ನಾನು ಕನ್ನಡ ಬಾರದವಳು ಎಂದುಕೊಂಡಿದ್ದಳಂತೆ.

ಆಯಿ ನಮ್ಮಿಬ್ಬರನ್ನೂ ನೋಡಿ ಹೇಳಿದಳು: "ಇಬ್ಬರೂ ಕನ್ನಡದವರು, ನಡಬರಕ ನಮ್ಮ ಮರಾಠಿನ ಯಾಕ ಕೊಲ್ಲಾಕತ್ತೀರಿ?"

ಬಟಾಣಿ ಡಾಕ್ಟರು

ನಮ್ಮವರದು ದೊಡ್ಡ ಚಿಂತೆಯಾಗಿತ್ತು. ಡಾಕ್ಟರರು ಬೆರಳಿಗೆ ವ್ಯಾಯಾಮ ಮಾಡಿಸಿ ಎಂದು ರಬ್ಬರ್ ಚೆಂಡು ಕೊಟ್ಟಿದ್ದರು. ಇವರು ಅದನ್ನು ಮುಟ್ಟುತ್ತಿರಲಿಲ್ಲ. ಇಡೀ ದಿನ ಗೋಡೆಗೆ ಮುಖ ಮಾಡಿ ಮಲಗಿಬಿಡುವರು. ಹೇಳಿದರೆ ಸಿಟ್ಟು. ಮಷಿನ್ ಮೇಲೆ ಕೂದಲೆಳೆಯಷ್ಟು ಅಳತೆ ಹಿಡಿದ ಕೈಗೆ ಚೆಂಡು ಹಿಸುಕುವುದು ಅವಮಾನವೆನ್ನಿಸಿತ್ತೋ ಏನೋ. ನಾನು ಒಲೆಯ ಮುಂದೆ ಕೂತು ಅತ್ತದ್ದು ಉಂಟು. ಅದನ್ನು ಭಾಬಿಗೆ ಮಾತ್ರ ಹೇಳಿದ್ದೆ.

ಅವು ಹಸಿ ಬಟಾಣಿಯ ದಿನಗಳು. ಮಾರುಕಟ್ಟೆಯಲ್ಲಿ ದರ ನೆಲ ಕಚ್ಚಿತ್ತು. ಭಾಬಿ ಒಂದು ಇಡೀ ಮೂಟೆ ಹಿಡಿದು, ಆಯಿಯನ್ನೂ ಕರೆದುಕೊಂಡು ಸೀದಾ ನಮ್ಮ ಮನೆಗೆ ಬಂದಳು. ಮೂಟೆಯನ್ನು ನಮ್ಮವರ ಮಂಚದ ಬಾಜೂಕೇ ಸುರಿದರು. ಸಿಪ್ಪೆ ಬಿಡಿಸುತ್ತಾ ಇಬ್ಬರದೂ ಮಾತೇ ಮಾತು. ನಮ್ಮವರು ಗೋಡೆ ನೋಡುತ್ತಲೇ ಮಲಗಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಭಾಬಿ ಒಂದು ಬುಟ್ಟಿ ಅವರ ಎದೆಯ ಹತ್ತಿರವೇ ಇಟ್ಟಳು. "ಭಾಯಿಸಾಬ, ನಾವು ಇಷ್ಟು ಮಂದಿ ದುಡಿಯಾಕತ್ತೇವಿ. ನೀವು ಒಬ್ಬರ ಖಾಲಿ ಅದೀರಿ, ನೋಡಾಕ ಛಂದ ಕಾಣವಲ್ದು."

ಪರ ಹೆಂಗಸರ ಮುಂದೆ ಬಯ್ಯುವಂತಿಲ್ಲ. ಎದ್ದು ಕೂತರು. ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಬಿಡಿಸಲು ನೋಡಿದರು. ಕಾಳು ಪುಟಿದು ಆಯಿಯ ತಲೆಗೆ ಬಡಿಯಿತು. ಆಯಿ ತಲೆಯೆತ್ತದೆ, ಕಾಳು ದಂಡ ಮಾಡಬ್ಯಾಡಪ್ಪಾ ಎಂದಳು. ನಮ್ಮವರಿಗೆ ನಗು ಬಂತು. ಲಕ್ವ ಹೊಡೆದ ಮೇಲೆ ನಾನು ಕಂಡ ಮೊದಲ ನಗು. ನಾನು ನೀರು ತರುವ ನೆಪ ಮಾಡಿ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಬಟಾಣಿಯ ಕಾಲ ಮುಗಿಯುವ ತನಕ ಅದೇ ನಡೆಯಿತು. ನಮ್ಮ ಮನೆಯಲ್ಲಿ ಬಟಾಣಿ ಪಲ್ಯ, ಬಟಾಣಿ ಉಪ್ಪಿಟ್ಟು, ಬಟಾಣಿ ಸಾರು. ಮಗಳು ಕಾಲೇಜಿನ ಡಬ್ಬಿ ತೆರೆಯಲಿಕ್ಕೇ ಹೆದರುತ್ತಿದ್ದಳು. ಆದರೆ ಬೆರಳು ಮಡಚತೊಡಗಿದವು. ಮುಂದಿನ ತಪಾಸಣೆಯಲ್ಲಿ ಡಾಕ್ಟರರು ಕೈ ಹಿಡಿದು ನೋಡಿ ಬಹಳ ಖುಷಿಪಟ್ಟರು. ಎಲ್ಲರ ಮುಂದೆ ಹೊಗಳಲು ಬಾಯಿ ತೆರೆದರು.

ನಮ್ಮವರು ಬಾಗಿಲ ಹೊರಗೆ ಕಾಯುತ್ತಿದ್ದ ಭಾಬಿಯನ್ನು ನೋಡಿ ಮೆಲ್ಲಗೆ ಹೇಳಿದರು: "ಸಣ್ಣಗ ಮಾತಾಡ್ರಿ ಡಾಕ್ಟ್ರ. ಕೈ ಆರಾಮಾಗೇತಿ ಅಂತ ಗೊತ್ತಾದ್ರ ನಾಳೆ ಬಳ್ಳೊಳ್ಳಿ ಮೂಟಿ ತರತಾಳ."

ಕೊತ್ತಂಬರಿ

ಆಯಿಯ ಸೊಸೆಯ ಆಪರೇಷನ್ ದಿನ ಗೊತ್ತಾಯಿತು. ಆಯಿಯ ಮಗ ಲಾರಿ ಓಡಿಸುವವನು, ದೂರದಿಂದ ಹೊರಟಿದ್ದ, ಇನ್ನೂ ಬಂದು ಮುಟ್ಟಿರಲಿಲ್ಲ. ಆಯಿ ಒಬ್ಬಳೇ ಇರುತ್ತಾಳೆಂದು ನಾನೂ ಭಾಬಿಯೂ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು ದವಾಖಾನೆಗೆ ಹೋದೆವು. ಗೇಟಿನಲ್ಲಿ ಕಾವಲುಗಾರ ತಡೆದ. ಪೇಷಂಟಿನ ಜೊತೆ ಒಬ್ಬರಷ್ಟೇ ಎಂದ. ಒಳಗಿನಿಂದ ಆಯಿ ಬಂದಳು.

"ನಾನು ಒಬ್ಬಾಕಿನ ಅದೀನಿ. ಇವರಿಬ್ಬರೂ ನನ್ನ ಮ್ಯಾಲ ಫ್ರೀ" ಎಂದಳು.

ಅವನು ಒಬ್ಬಳ ಬುರ್ಖಾ, ಒಬ್ಬಳ ಕುಂಕುಮ, ಒಬ್ಬಳ ಕಚ್ಚೆ ಸೀರೆ ನೋಡಿ, ಏನಾಗಬೇಕು ನೀವು ಎಂದು ಕೇಳಿದ. ನಾವು ಮೂವರೂ ಒಂದೇ ಬಾಯಿಂದ ಮನೆಯವರು ಎಂದೆವು. ಬಿಟ್ಟ.

ಸೊಸೆಯನ್ನು ಒಳಗೆ ಒಯ್ದರು. ಆಯಿ ಬಾಗಿಲನ್ನೇ ನೋಡುತ್ತಾ ಕೂತಳು. ಊಟ ಬೇಡ, ಚಹಾ ಬೇಡ. ಅವಳ ಕೈ ತಣ್ಣಗಿತ್ತು. ಭಾಬಿ ಒಂದು ಕೈ ಹಿಡಿದಳು, ನಾನು ಇನ್ನೊಂದು. ಮಧ್ಯದಲ್ಲಿ ನರ್ಸ್ ಬಂದು ತುರ್ತಾಗಿ ಔಷಧಿ ತರಲು ಚೀಟಿ ಕೊಟ್ಟಳು. ಮೂವರೂ ಕೆಳಗಿನ ಔಷಧಿ ಅಂಗಡಿಗೆ ಓಡಿದೆವು.

ಅಂಗಡಿಯವನು ಸೂಜಿ, ಸಲೈನ್, ಮಾತ್ರೆ ಎಲ್ಲ ತೆಗೆದು ಚೀಲಕ್ಕೆ ಹಾಕಿ ಆಯಿಯ ಮುಂದೆ ಹಿಡಿದ. ಆಯಿಯ ಕಣ್ಣು ಎಲ್ಲೋ, ಜೀವ ಎಲ್ಲೋ. ಬಾಯಿ ಮಾತ್ರ ಕಾಯಿಪಲ್ಲೆ ಸಂತೆಯ ರೂಢಿಯಂತೆ ಹೇಳಿಬಿಟ್ಟಿತು: "ಅದರ ಮ್ಯಾಲ ಎರಡು ಕಡ್ಡಿ ಕೊತ್ತಂಬರಿ ಹಾಕಪ್ಪಾ."

ಅಂಗಡಿಯವನು ಅವಳ ಮುಖ ನೋಡಿದ. ನಮ್ಮ ಮುಖ ನೋಡಿದ. ನಗಲಿಲ್ಲ. ಹಿಂದಿನ ಕಪಾಟಿನಿಂದ ಹತ್ತಿಯ ಸಣ್ಣ ಸುರುಳಿಯೊಂದನ್ನು ತೆಗೆದು ಮೇಲಿಟ್ಟ. "ಕೊತ್ತಂಬರಿ ಖಾಲಿ ಆಗೇತ್ರಿ ಆಯಿ. ಹತ್ತಿ ಒಯ್ಯಿರಿ."

ಭಾಬಿ ಮೆಟ್ಟಿಲ ಮೇಲೆ ಕುಸಿದು ನಕ್ಕಳು. ನನಗೆ ಗೋಡೆ ಹಿಡಿದರೂ ನಿಲ್ಲಲಾಗಲಿಲ್ಲ. ತಾನೇನು ಹೇಳಿದೆನೆಂದು ತಿಳಿದ ಆಯಿ, ನಗುತ್ತಾ ನಗುತ್ತಾ ಅಳಲು ಶುರುಮಾಡಿದಳು. ಬೆಳಿಗ್ಗೆಯಿಂದ ತಡೆದದ್ದೆಲ್ಲ ಅಲ್ಲಿಯೇ ಹರಿದು ಹೋಯಿತು. ಕಣ್ಣೊರೆಸಿಕೊಂಡು, ನಡೀರಿ, ಮ್ಯಾಲ ಕಾಯಾಕತ್ತಿರತಾರು ಎಂದು ತಾನೇ ಮುಂದೆ ಹತ್ತಿದಳು.

ಆಪರೇಷನ್ ಸರಿಯಾಗಿ ಆಯಿತು. ಗಡ್ಡೆ ಪೂರ್ತಿ ತೆಗೆದರು. ಸೊಸೆಗೆ ಎಚ್ಚರವಾಗಿ, ನಾಲ್ಕು ಮಾತು ಕೇಳಿಸಿಕೊಳ್ಳುವಷ್ಟು ಶಕ್ತಿ ಬಂದ ಮೇಲೆ, ಭಾಬಿ ತಡೆಯಲಾರದೆ ಅವಳಿಗೆ ಈ ಸುದ್ದಿ ಹೇಳಿದಳು. ಹೊಲಿಗೆ ಬಿಚ್ಚೀತು, ನಗಿಸಬೇಡ ಎಂದು ನಾನು ಭಾಬಿಯ ಬುರ್ಖಾ ಜಗ್ಗುತ್ತಿದ್ದೆ. ಆದರೆ ಸೊಸೆ ನಗಲಿಲ್ಲ. ಹುಬ್ಬು ಗಂಟಿಕ್ಕಿ ಅತ್ತೆಯ ಕಡೆ ತಿರುಗಿದಳು. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು, ಕೇಳಿಯೂ ಕೇಳದಂಥ ದನಿಯಲ್ಲಿ ಹೇಳಿದಳು:

"ಹತ್ತಿ ಒಂದ ತಗೊಂಡು ಬಂದ್ರಿ? ಕೇಳಿದ್ರ ಇನ್ನೊಂದು ಕೊಡತಿದ್ದ."